ಒಡವೆಯ ಎದುರಿಗೆ ಏನಿಟ್ಟಿದ್ದೀರಿ?

ಮೊದಲೆಲ್ಲ ಮದುವೆಗೆ ಒಡವೆ ಮಾಡಿಸುವವರು ಅಕ್ಕಸಾಲಿಗರ ಜಗಲಿಯಲ್ಲಿ ಕೂತು, ಮಾಡಿದ್ದನ್ನು ಅಂಗೈಯಲ್ಲಿಟ್ಟುಕೊಂಡು, ಬಾಗಿಲ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ ಒಪ್ಪುತ್ತಿದ್ದರು. ಈಗ ಒಡವೆ ಕೈಗೆ ಬರುವ ಮೊದಲೇ ಅದರ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಮನೆ ಸುತ್ತಿ ಬಂದಿರುತ್ತದೆ. ಶಿರಸಿಯಲ್ಲಿ ಮಾಡಿದ ಜುಮುಕಿಯನ್ನು ಬೆಂಗಳೂರಿನಲ್ಲಿರುವ ಸೊಸೆ ನೋಡುತ್ತಾಳೆ, ಅವಳು ಅಮೆರಿಕದಲ್ಲಿರುವ ನಾದಿನಿಗೆ ಕಳಿಸುತ್ತಾಳೆ. ಅಲ್ಲಿಂದ ಉತ್ತರ ಬರುತ್ತದೆ: “ಡಿಸೈನ್ ಚೆನ್ನಾಗಿದೆ ಅತ್ತಿಗೆ, ಆದರೆ ಚಿನ್ನ ಯಾಕೋ ತಾಮ್ರದ ಹಾಗೆ ಕಾಣ್ತದಲ್ಲ?”

ಚಿನ್ನದಲ್ಲಿ ಏನೂ ಮೋಸವಿಲ್ಲ. 22 ಕ್ಯಾರೆಟ್ಟಿನದು, ಸಾವಿರ ಪಾಲಿನಲ್ಲಿ 916 ಪಾಲು ಅಪ್ಪಟ. ಅಂಗಡಿಯವರು ಅದನ್ನು ಕೆಂಪು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು, ತಲೆಯ ಮೇಲಿನ ಹಳದಿ ದೀಪದಲ್ಲಿ ಮೊಬೈಲಿನಿಂದ ಫೋಟೊ ಹೊಡೆದಿದ್ದಾರೆ. ಜುಮುಕಿಯ ಕೆಳಗಂಚಿಗೆಲ್ಲ ಮಖಮಲ್ಲಿನ ಕೆಂಪು ಹತ್ತಿದೆ, ನೆತ್ತಿಗೆ ದೀಪದ ಹಳದಿ. ಅಕ್ಕಸಾಲಿಗರು ದಿನಗಟ್ಟಲೆ ಕೂತು ಮಾಡಿದ ಕೆಲಸವನ್ನು ಒಂದು ಬಟ್ಟೆ, ಒಂದು ಬಲ್ಬು ಸೇರಿ ಕೆಡಿಸಿದವು. ಮಾರಾಟಕ್ಕೆಂದು ಒಡವೆಯನ್ನು ಜೋಡಿಸಿ, ಬೆಳಕು ಹೊಂದಿಸಿ, ಫೋಟೊ ತೆಗೆಯುವ ಕಸುಬಿನ ಬಗ್ಗೆ ಇವತ್ತಿನ ಮಾತು.

ಹೊರಗಿನಿಂದ ನೋಡುವವರಿಗೆ ಇದು ಸುಲಭವೆಂದೇ ತೋರುತ್ತದೆ. ಒಡವೆ ಕಣ್ಣು ಮಿಟುಕಿಸುವುದಿಲ್ಲ, ಮಗುವಿನಂತೆ ಹಟ ಹಿಡಿದು ಓಡಿಹೋಗುವುದಿಲ್ಲ. ಆದರೂ ಮದುವೆ ಮಂಟಪದಲ್ಲಿ ದಿನವಿಡೀ ಫೋಟೊ ತೆಗೆದು ಪಳಗಿದ ಛಾಯಾಗ್ರಾಹಕರೂ ಮೊದಲ ಸಲ ಒಂದು ಬಳೆಯೆದುರು ಕೂತಾಗ ತಬ್ಬಿಬ್ಬಾಗುತ್ತಾರೆ.

ಕಾರಣ ಬಳೆಯ ಹೊಳಪಿನಲ್ಲೇ ಇದೆ. ಮೆರುಗು ಕೊಟ್ಟ ಲೋಹ ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಸ್ಟೀಲ್ ಲೋಟದ ಮೈಮೇಲೆ ಅಡುಗೆಮನೆಯ ಕಿಟಕಿ, ಒಲೆ, ಎದುರು ನಿಂತವರ ಮುಖ ಎಲ್ಲವೂ ಸೊಟ್ಟಗೆ ಬಿದ್ದಿರುವ ಹಾಗೆ ಬಳೆಯ ಮೈಮೇಲೆ ಇಡೀ ಕೋಣೆ ಬಿದ್ದಿರುತ್ತದೆ. ಬೆಳಕು ಬಿದ್ದ ಕೋನದಲ್ಲೇ ಹಿಂದಿರುಗುತ್ತದೆ ಎಂಬುದು ಹೈಸ್ಕೂಲಿನಲ್ಲಿ ಓದಿದ ನಿಯಮ. ಚಪ್ಪಟೆ ಕನ್ನಡಿಯಾದರೆ ಒಂದು ದಿಕ್ಕನ್ನು ನೋಡಿಕೊಂಡರೆ ಸಾಕು. ಬಳೆ ದುಂಡಗಿದೆ, ಅದರ ಒಂದೊಂದು ಚುಕ್ಕೆಯೂ ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತದೆ. ಮೇಲಿನ ಸೀಲಿಂಗು, ಪಕ್ಕದ ನೀಲಿ ಗೋಡೆ, ಕ್ಯಾಮೆರಾದ ಕಪ್ಪು ಮೂತಿ, ಅದರ ಹಿಂದೆ ಚೌಕಳಿ ಅಂಗಿ ತೊಟ್ಟು ಬಗ್ಗಿದವರು, ಎಲ್ಲರೂ ಬಳೆಯೊಳಗೆ ಹಾಜರು. ಈ ಕೆಲಸ ಮಾಡುವವರು ಸ್ಟುಡಿಯೊದಲ್ಲಿ ಕಪ್ಪು ಅಂಗಿಯನ್ನೇ ತೊಡುವುದು ಇದಕ್ಕೆ.

ಚಿನ್ನದ ಬಣ್ಣದ ಕಥೆ ಇನ್ನೂ ಸೊಗಸಾದದ್ದು. ಬೆಳ್ಳಿ ತನ್ನ ಮೇಲೆ ಬಿದ್ದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಹಿಂದಕ್ಕೆ ಕಳಿಸುತ್ತದೆ. ಚಿನ್ನ ನೀಲಿಯನ್ನು ಬಹುಮಟ್ಟಿಗೆ ಹೀರಿಕೊಂಡು ಹಳದಿ, ಕೆಂಪುಗಳನ್ನು ಬಿಟ್ಟುಕೊಡುತ್ತದೆ. ಚಿನ್ನದ ಪರಮಾಣುವಿನ ನಡುವಿನ ಬೀಜ ಬಲು ಭಾರದ್ದು. ಅದರ ಹತ್ತಿರದ ಎಲೆಕ್ಟ್ರಾನುಗಳು ಬೆಳಕಿನ ವೇಗದ ದೊಡ್ಡದೊಂದು ಪಾಲಿನಷ್ಟು ವೇಗದಲ್ಲಿರುತ್ತವೆ, ಅದರಿಂದ ಶಕ್ತಿಮಟ್ಟಗಳು ಸರಿದು ನೀಲಿ ಬೆಳಕು ಒಳಗೇ ಉಳಿದುಬಿಡುತ್ತದೆ ಎಂದು ಭೌತವಿಜ್ಞಾನಿಗಳು ವಿವರಿಸುತ್ತಾರೆ. ಐನ್‌ಸ್ಟೈನರ ಸಾಪೇಕ್ಷತೆಯ ಈ ಪರಿಣಾಮ ಇಲ್ಲದೆ ಹೋಗಿದ್ದರೆ ತಾಳಿಯ ಬಟ್ಟೂ ಬೆಳ್ಳಿಯಂತೆ ಬಿಳುಪಾಗಿರುತ್ತಿತ್ತು. ಫೋಟೊ ತೆಗೆಯುವವರಿಗೆ ಇದರಿಂದ ಒಂದು ಸೂಚನೆ ಸಿಗುತ್ತದೆ: ಚಿನ್ನದ ಪಕ್ಕ ಕೆಂಪು ಇಟ್ಟರೆ ಅದು ಆ ಕೆಂಪನ್ನು ಪೂರ್ತಿ ಎತ್ತಿಕೊಳ್ಳುತ್ತದೆ, ನೀಲಿ ಇಟ್ಟರೆ ಆ ಭಾಗ ಮಂಕಾಗಿ ಕಂದು ಹಸಿರಿನತ್ತ ವಾಲುತ್ತದೆ.

ಚಿನ್ನದಂಗಡಿಯಲ್ಲಿ ಒಡವೆಯನ್ನು ಗುಲಾಬಿ ಕಾಗದದಲ್ಲಿ ಸುತ್ತಿ ಕೊಡುವುದನ್ನು ಎಲ್ಲರೂ ಕಂಡಿದ್ದಾರೆ. ಆ ಗುಲಾಬಿ ಚಿನ್ನದೊಳಗೆ ಇಳಿದು ಒಂದು ಹಿತವಾದ ಕೆಂಬಣ್ಣ ಕೊಡುತ್ತದೆ. ನೋಡುವವರ ಕಣ್ಣು ಮೋಸಹೋಗುವುದಿಲ್ಲ. ಕಾಗದವನ್ನೂ ಕೋಣೆಯ ದೀಪವನ್ನೂ ಮಿದುಳು ಲೆಕ್ಕಕ್ಕೆ ಹಿಡಿದು ಬಣ್ಣವನ್ನು ಸರಿದೂಗಿಸಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಅಂಥ ಲೆಕ್ಕಾಚಾರ ಬಾರದು. ಮೊಬೈಲು ಲೆಕ್ಕ ಹಾಕಲು ಹೋಗಿ ಇನ್ನಷ್ಟು ಕೆಡಿಸುವುದೂ ಉಂಟು: ಪರದೆ ತುಂಬ ಹಳದಿ ಕಂಡ ಕೂಡಲೇ ದೀಪವೇ ಹಳದಿಯಿರಬೇಕೆಂದು ಬಗೆದು ಅಷ್ಟು ನೀಲಿ ಬೆರೆಸುತ್ತದೆ, 22 ಕ್ಯಾರೆಟ್ಟಿನ ಸರ ಪೇಲವ ಹಿತ್ತಾಳೆಯಾಗಿ ಬರುತ್ತದೆ. ಇದಕ್ಕೆ ಮದ್ದು ಬೂದುಬಣ್ಣದ ಒಂದು ಕಾರ್ಡು. ಒಡವೆಯ ಜಾಗದಲ್ಲಿ ಮೊದಲು ಅದನ್ನಿಟ್ಟು ಒಂದು ಫೋಟೊ ತೆಗೆದರೆ, ಅದರ ಬೂದು ಬೂದಾಗಿಯೇ ಕಾಣುವ ಹಾಗೆ ಆಮೇಲೆ ಬಣ್ಣ ಹೊಂದಿಸಬಹುದು. ಕೋಣೆಯಲ್ಲಿ ಎರಡು ಜಾತಿಯ ದೀಪ ಇದ್ದರೆ ಈ ಕಾರ್ಡೂ ಕೈಚೆಲ್ಲುತ್ತದೆ. ಅಂಗಡಿಯ ಹಳದಿ ದೀಪ ಸುಮಾರು 3000 ಕೆಲ್ವಿನ್, ಸ್ಟುಡಿಯೊದ ಫ್ಲ್ಯಾಶು ಸುಮಾರು 5500 ಕೆಲ್ವಿನ್. ಎರಡೂ ಒಂದೇ ಸರದ ಮೇಲೆ ಬಿದ್ದರೆ ಒಂದು ಮಗ್ಗುಲು ಕಿತ್ತಳೆ, ಇನ್ನೊಂದು ಮಗ್ಗುಲು ನೀಲಿ. ಬೇಡದ ದೀಪ ಆರಿಸುವುದು ಈ ಕಸುಬಿನ ಮೊದಲ ಕೆಲಸ.

ಬಣ್ಣ ಸರಿಯಾದರೆ ಸಾಲದು, ಅದು ಲೋಹವೆನಿಸಬೇಕು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ರಾಜಾ ರವಿವರ್ಮರ ‘ಗ್ಯಾಲಕ್ಸಿ ಆಫ್ ಮ್ಯೂಸಿಷಿಯನ್ಸ್’ ಚಿತ್ರದ ಮುಂದೆ ನಿಂತಿರುತ್ತಾರೆ. 1889ರ ಸುಮಾರಿಗೆ ಬರೆದದ್ದು. ಬೇರೆ ಬೇರೆ ಸೀಮೆಯ ಹೆಂಗಸರು, ಅವರವರ ಸೀಮೆಯ ಉಡುಗೆ, ಅವರವರ ಒಡವೆ. ಇನ್ನೊಮ್ಮೆ ಹೋದಾಗ ಮುಖಗಳನ್ನು ಬಿಟ್ಟು ಒಡವೆಗಳನ್ನಷ್ಟೇ ನೋಡಬೇಕು. ಮೈಸೂರು ಶೈಲಿಯ ಸಾಂಪ್ರದಾಯಿಕ ದೇವರ ಚಿತ್ರಗಳಲ್ಲಿ ಗೆಸ್ಸೊ ಎಂಬ ಲೇಪದ ಉಬ್ಬಿನ ಮೇಲೆ ನಿಜವಾದ ಚಿನ್ನದ ರೇಕನ್ನು ಅಂಟಿಸುತ್ತಾರೆ. ತೈಲವರ್ಣದವರ ದಾರಿ ಬೇರೆ. ಅವರು ಚಿನ್ನವನ್ನು ಚಿನ್ನವಿಲ್ಲದೆ ಬರೆಯಬೇಕು: ಬಹುಪಾಲು ಕಂದು, ಅದರ ಪಕ್ಕ ಮಣ್ಣಿನ ಹಳದಿ, ತೀರಾ ಕೊನೆಗೆ ಕುಂಚದ ಮೊನೆಯಿಂದ ಇಟ್ಟ ಒಂದು ಬೆಳ್ಳನೆ ಚುಕ್ಕೆ. ಆ ಕಂದನ್ನು ಅಳಿಸಿ ಎಲ್ಲ ಕಡೆಯೂ ಹಳದಿ ಬಳಿದರೆ ಸರ ಅರಿಸಿನದ ಕೊಂಬಾಗುತ್ತದೆ. ಬೆಳಕಿನ ಪಕ್ಕದಲ್ಲೇ ಕತ್ತಲು ಇದ್ದಾಗ ಕಣ್ಣು ಅದನ್ನು ಲೋಹವೆಂದು ನಂಬುತ್ತದೆ.

ಸ್ಟುಡಿಯೊದಲ್ಲಿ ನಡೆಯುವುದೂ ಇದೇ. ಒಡವೆಯ ಸುತ್ತ ಮೊದಲು ಬಿಳುಪು ಕಟ್ಟುತ್ತಾರೆ. ಬಟರ್ ಪೇಪರು, ಟ್ರೇಸಿಂಗ್ ಪೇಪರು, ಹಾಲುಬಣ್ಣದ ಅಕ್ರಿಲಿಕ್ ಹಾಳೆ, ಬಿಳಿ ಬಟ್ಟೆಯ ಗೂಡು, ಯಾವುದಾದರೂ ಸರಿ. ದೀಪ ಅದರ ಹೊರಗಿರುತ್ತದೆ. ಹಾಳೆಯನ್ನು ದಾಟಿ ಬರುವಾಗ ಬೆಳಕು ಹರಡಿಕೊಳ್ಳುತ್ತದೆ, ಚಿನ್ನಕ್ಕೆ ಕಾಣುವುದು ದೀಪದ ಬದಲು ಬೆಳಗಿದ ಒಂದು ದೊಡ್ಡ ಹಾಳೆ. ಕೋಣೆಯ ಗೊಂದಲವೆಲ್ಲ ಮಾಯ. ಹೊಸಬರು ಇಲ್ಲಿಗೆ ನಿಲ್ಲಿಸಿ ಫೋಟೊ ತೆಗೆಯುತ್ತಾರೆ, ಆಮೇಲೆ ಬಳೆ ಪ್ಲಾಸ್ಟಿಕ್ಕಿನದರಂತೆ ಯಾಕೆ ಕಾಣುತ್ತದೆಂದು ಬೆರಗಾಗುತ್ತಾರೆ. ಸುತ್ತಲೂ ಬಿಳುಪೇ ಆದಾಗ ಬಳೆಗೆ ತೋರಿಸಲು ಕತ್ತಲೇ ಉಳಿದಿರುವುದಿಲ್ಲ. ಅದಕ್ಕೇ ಎರಡನೆಯ ಹಂತದಲ್ಲಿ ಕಪ್ಪು ಕಾರ್ಡುಗಳು ಬರುತ್ತವೆ. ಬೆರಳಗಲದ ಕಪ್ಪು ಪಟ್ಟಿಯನ್ನು ಕ್ಯಾಮೆರಾದ ಕಣ್ಣಿಗೆ ಬೀಳದಂತೆ, ಆದರೆ ಬಳೆಯ ಕಣ್ಣಿಗೆ ಬೀಳುವಂತೆ ಪಕ್ಕಕ್ಕೆ ನಿಲ್ಲಿಸುತ್ತಾರೆ. ಕೂಡಲೇ ಬಳೆಯ ಅಂಚಿನಲ್ಲಿ ಒಂದು ಕಂದು ಗೆರೆ ಏಳುತ್ತದೆ, ದುಂಡು ದುಂಡಾಗುತ್ತದೆ, ಭಾರ ಬರುತ್ತದೆ. ಪಟ್ಟಿಯನ್ನು ಅರ್ಧ ಇಂಚು ಸರಿಸಿದರೆ ಗೆರೆಯೂ ಸರಿಯುತ್ತದೆ. ಈ ಅರ್ಧ ಇಂಚಿನ ಆಟದಲ್ಲೇ ಕಸುಬುದಾರರ ಹೊತ್ತೆಲ್ಲ ಹೋಗುವುದು, ಕ್ಯಾಮೆರಾದ ಗುಂಡಿ ಒತ್ತುವುದಕ್ಕೆ ಕ್ಷಣ ಸಾಕು.

ಒಂದು ಜೊತೆ ಜುಮುಕಿಯ ಕೆಲಸವನ್ನು ಹತ್ತಿರದಿಂದ ನೋಡೋಣ. ಮೇಜಿನ ಮೇಲೆ ಬಂದ ಜುಮುಕಿ ಬರಿಗಣ್ಣಿಗೆ ಫಳಫಳ ಹೊಳೆಯುತ್ತಿರುತ್ತದೆ. ಮ್ಯಾಕ್ರೊ ಲೆನ್ಸಿನಲ್ಲಿ ನೋಡಿದರೆ ಬೆರಳಚ್ಚು, ಹತ್ತಿಯ ಎಳೆ, ಕೆತ್ತನೆಯ ಸಂದಿಯಲ್ಲಿ ಮೆರುಗಿನ ಪುಡಿ. ಕೈಗವಸು ತೊಟ್ಟು, ಮೆತ್ತನೆಯ ಬ್ರಷ್ಷಿನಿಂದ ಸಂದಿಗಳನ್ನು ಬಿಡಿಸಿ, ರಬ್ಬರಿನ ಬುರುಡೆ ಒತ್ತಿ ಗಾಳಿ ಊದುತ್ತಾರೆ. ಬಾಯಿಂದ ಊದಿದರೆ ಎಂಜಲಿನ ಹನಿ ಹಾರಿ ಇನ್ನೊಂದು ಕಲೆ. ಆಮೇಲೆ ಅದನ್ನು ನೈಲಾನ್ ಎಳೆಯಲ್ಲಿ ತೂಗುಹಾಕಬೇಕು, ಯಾಕೆಂದರೆ ನೆಲದ ಮೇಲೆ ಒರಗಿಸಿದ ಜುಮುಕಿ ಜುಮುಕಿಯಂತೆ ಕಾಣುವುದೇ ಇಲ್ಲ. ಒಂದೇ ಎಳೆಯಲ್ಲಿ ತೂಗಿದರೆ ಗಿರಗಿರ ತಿರುಗುತ್ತದೆ, ಆದ್ದರಿಂದ ಎರಡು ಎಳೆ. ಫ್ಯಾನು ಬಂದ್, ಎ.ಸಿ. ಬಂದ್. ಕೆಳಗಂಚಿನಲ್ಲಿ ಸಾಲಾಗಿ ಇಳಿಬಿಟ್ಟ ಗುಂಡುಗಳಲ್ಲಿ ಒಂದು ಪಕ್ಕದ್ದರ ಮೇಲೆ ಹತ್ತಿ ಕೂತಿರುತ್ತದೆ; ಚಿಮಟದ ತುದಿಯಿಂದ ಅದನ್ನು ಕೆಳಗಿಳಿಸಿದರೆ ಇಡೀ ಜುಮುಕಿ ಅಲುಗಾಡಿ ಮತ್ತೆ ನಿಲ್ಲುವ ತನಕ ಕಾಯಬೇಕು. ಕೈಯಲ್ಲಿ ಮಾಡಿದ ಜೊತೆಯಾದರೆ ಎರಡೂ ಕೂದಲೆಳೆಯಷ್ಟು ಬೇರೆ ಇರುತ್ತವೆ. ಯಾವುದು ಬಲಗಿವಿಯದು, ಯಾವುದು ಎಡಗಿವಿಯದು ಎಂದು ಗುರುತಿಸಿ ಒಂದಕ್ಕೊಂದು ಮುಖ ಕೊಡುವಂತೆ ನಿಲ್ಲಿಸಿದರೆ ಆ ವ್ಯತ್ಯಾಸ ಕುಂದೆನಿಸುವುದಿಲ್ಲ, ಕೈಗೆಲಸದ ಗುರುತೆನಿಸುತ್ತದೆ. ಉಂಗುರವಾದರೆ ಎಳೆಯ ಬದಲು ಮೇಣ. ಹಲ್ಲಿನ ಡಾಕ್ಟರರು ಬಳಸುವ ಮೇಣದ ಕಾಳಿನಷ್ಟು ತುಣುಕನ್ನು ಅಡಿಗೆ ಒತ್ತಿದರೆ ಉಂಗುರ ಆಸರೆಯಿಲ್ಲದೆ ನಿಂತಂತೆ ಕಾಣುತ್ತದೆ. ಎಳೆ, ಮೇಣ ಎರಡನ್ನೂ ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುತ್ತಾರೆ.

ಇಷ್ಟಾದ ಮೇಲೆ ಫೋಕಸ್ಸಿನ ತಲೆನೋವು. ಮ್ಯಾಕ್ರೊ ಲೆನ್ಸಿನಲ್ಲಿ ಒಡವೆಯನ್ನು ಅದರ ನಿಜವಾದ ಅಳತೆಯಲ್ಲೇ ಸೆನ್ಸರಿನ ಮೇಲೆ ಬೀಳಿಸಿದಾಗ, ಲೆನ್ಸಿನ ಕಿಂಡಿಯನ್ನು ಎಫ್ 11ಕ್ಕೆ ಕಿರಿದು ಮಾಡಿದರೂ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚೆಂದರೆ ಒಂದೂವರೆ ಮಿಲಿಮೀಟರ್. ಜುಮುಕಿಯ ಹೊಟ್ಟೆ ಸ್ಪಷ್ಟವಾದರೆ ಅಂಚು ಮಸುಕು, ಅಂಚು ಸ್ಪಷ್ಟವಾದರೆ ಹೊಟ್ಟೆ ಮಸುಕು. ಕಿಂಡಿಯನ್ನು ಇನ್ನೂ ಕಿರಿದು ಮಾಡಿದರೆ ಬೆಳಕಿನ ಅಲೆಗಳೇ ಹರಡಿಕೊಂಡು ಇಡೀ ಚಿತ್ರ ಮೆತ್ತಗಾಗುತ್ತದೆ. ಹಾಗಾಗಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಫೋಕಸ್ಸನ್ನು ಮುಂದಿನಿಂದ ಹಿಂದಕ್ಕೆ ಮಿಲಿಮೀಟರಿನ ಪಾಲುಗಳಲ್ಲಿ ಸರಿಸುತ್ತ ಹತ್ತಾರು ಫೋಟೊ ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನು ಕಂಪ್ಯೂಟರಿನಲ್ಲಿ ಹೆಣೆಯುತ್ತಾರೆ. ಫೋಕಸ್ ಸ್ಟ್ಯಾಕಿಂಗ್ ಎನ್ನುವುದು ಇದನ್ನೇ. ಜಾಹೀರಾತಿನಲ್ಲಿ ತುದಿಯಿಂದ ಬುಡದವರೆಗೆ ಸ್ಪಷ್ಟವಾಗಿ ಕಾಣುವ ಒಂದು ಮೂಗುತಿಯ ಹಿಂದೆ ಇಷ್ಟು ಫೋಟೊಗಳಿರುತ್ತವೆ. ಈ ನಡುವೆ ಹೊರಗೆ ಲಾರಿಯೊಂದು ಹಾದು ಮೇಜು ನಡುಗಿದರೆ ಮೊದಲಿನಿಂದ ಶುರು.

ಹರಳಿಗೆ ಬಂದರೆ ಲೋಹಕ್ಕೆ ಕಲಿತ ಪಾಠ ತಲೆಕೆಳಗಾಗುತ್ತದೆ. ಏಳು ಕಲ್ಲಿನ ವಜ್ರದ ಓಲೆಯನ್ನು ಬಿಳಿ ಗೂಡಿನೊಳಗೆ ಇಟ್ಟರೆ ಚಿನ್ನದ ಕಟ್ಟು ಸೊಗಸಾಗಿ ಬರುತ್ತದೆ, ವಜ್ರ ಮಾತ್ರ ಸೋಡಾ ಬಾಟಲಿಯ ಚೂರಿನಂತೆ ಸಪ್ಪಗೆ ಕೂತಿರುತ್ತದೆ. ವಜ್ರದ ವಕ್ರೀಭವನಾಂಕ 2.42. ಒಳಹೊಕ್ಕ ಬೆಳಕು ಹಿಂಬದಿಯ ಮುಖಕ್ಕೆ 24.4 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದರೆ ಹೊರಗೆ ಹೋಗಲಾರದೆ ಪೂರ್ತಿ ಒಳಕ್ಕೇ ಪುಟಿಯುತ್ತದೆ. ದುಂಡು ಬ್ರಿಲಿಯಂಟ್ ಕಟ್ಟಿನ 57 ಮುಖಗಳನ್ನು ಲೆಕ್ಕ ಹಾಕಿ ಉಜ್ಜಿರುವುದೇ ಹೀಗೆ ಪುಟಿದ ಬೆಳಕು ಮತ್ತೆ ನೋಡುವವರ ಕಡೆಗೇ ಬರಲಿ ಎಂದು. ಮಾರ್ಸೆಲ್ ಟೊಲ್ಕೋವ್‌ಸ್ಕಿ 1919ರಲ್ಲಿ ಈ ಲೆಕ್ಕವನ್ನು ಪುಸ್ತಕವಾಗಿ ಪ್ರಕಟಿಸಿದರು. ಬೆಳಕು ಹೊರಬರುವಾಗ ಬಣ್ಣಬಣ್ಣವಾಗಿ ಒಡೆಯುತ್ತದೆ. ಆ ಒಡಕು ಕಾಣಬೇಕಾದರೆ ಬೆಳಕು ಸೂಜಿಮೊನೆಯಷ್ಟು ಸಣ್ಣ ಜಾಗದಿಂದ ಬರಬೇಕು. ಎಲ್ಲ ದಿಕ್ಕಿನಿಂದಲೂ ಮೆತ್ತನೆಯ ಬೆಳಕು ನುಗ್ಗಿದರೆ ಬಣ್ಣಗಳು ಒಂದರ ಮೇಲೊಂದು ಬಿದ್ದು ಮತ್ತೆ ಬಿಳುಪೇ ಆಗುತ್ತವೆ. ದೇವಸ್ಥಾನದ ದೀಪದ ಕುಡಿಗಳ ಮುಂದೆ ಮುತ್ತೈದೆಯರ ಮೂಗುತಿ ಮಿಂಚುವುದಕ್ಕೂ, ಅದೇ ಮೂಗುತಿ ಮೋಡದ ದಿನ ಅಂಗಳದಲ್ಲಿ ಸುಮ್ಮನಿರುವುದಕ್ಕೂ ಇದೇ ಕಾರಣ. ಅದಕ್ಕೆ ಕಸುಬುದಾರರು ಲೋಹಕ್ಕೆ ಮೆತ್ತನೆಯ ಬೆಳಕಿಟ್ಟು, ಹರಳಿಗೆಂದು ಬೇರೆಯಾಗಿ ಸಣ್ಣದೊಂದು ಎಲ್‌ಇಡಿ ದೀಪವನ್ನು ಕೈಯಲ್ಲಿ ಹಿಡಿದು ಆಡಿಸುತ್ತಾರೆ. ಮೊಬೈಲಿಗೆ ಸಿಕ್ಕಿಸುವ ರಿಂಗ್ ಲೈಟ್ ಇಲ್ಲಿ ಉಪಯೋಗಕ್ಕಿಂತ ಉಪದ್ರವವೇ ಹೆಚ್ಚು. ಅದರ ಉಂಗುರ ಹರಳಿನ ಮೇಲೂ ಚಿನ್ನದ ಮೇಲೂ ಬಿಳಿ ಸೊನ್ನೆಯಾಗಿ ಕೂರುತ್ತದೆ.

ಕೊಡಗಿನ ಕೊಕ್ಕೆತಾತಿಯನ್ನು ಎದುರಿಗಿಟ್ಟುಕೊಂಡರೆ ಇನ್ನೊಂದು ಬಗೆಯ ಕಷ್ಟ ತಿಳಿಯುತ್ತದೆ. ಅರ್ಧಚಂದ್ರದ ಪದಕ, ನಡುವೆ ಹೆಡೆಯೆತ್ತಿದ ನಾಗ, ಮೈತುಂಬ ಕೆಂಪು ಕಲ್ಲು, ಅಂಚಿಗೆ ಸಣ್ಣ ಮುತ್ತು. ಇಂಥ ಹಳೆಯ ಬಗೆಯ ಕಲ್ಲುಕಟ್ಟಿನ ಒಡವೆಗಳಲ್ಲಿ ಕಲ್ಲಿನ ಹಿಂಬದಿ ಮುಚ್ಚಿರುತ್ತದೆ, ಕಲ್ಲಿನಡಿಗೆ ಬೇಗಡೆ ಎಂಬ ಹೊಳೆಯುವ ತೆಳು ತಗಡು ಹಾಕಿರುತ್ತಾರೆ. ಹಿಂದಿನಿಂದ ಬೆಳಕು ಬಿಟ್ಟು ಕಲ್ಲನ್ನು ಬೆಳಗಿಸುವ ಉಪಾಯ ಇಲ್ಲಿ ನಡೆಯದು. ಬೆಳಕು ಮುಂದಿನಿಂದಲೇ ಹೋಗಿ, ಬೇಗಡೆಗೆ ತಾಗಿ, ಕೆಂಪಾಗಿ ಹಿಂದಕ್ಕೆ ಬರಬೇಕು. ಕಲ್ಲು ಗುಮ್ಮಟದಂತೆ ನಯವಾಗಿ ಉಜ್ಜಿದ್ದಾದರೆ ದೀಪ ಅದರ ನೆತ್ತಿಯ ಮೇಲೆ ಬಿಳಿ ಚುಕ್ಕೆಯಾಗಿ ಕೂತು ಕೆಂಪನ್ನೆಲ್ಲ ನುಂಗುತ್ತದೆ. ದೀಪವನ್ನು ಒಂದು ಬದಿಗೆ ಎತ್ತರಕ್ಕೆ ಒಯ್ದು, ಚುಕ್ಕೆಯನ್ನು ಕಲ್ಲಿನ ಅಂಚಿಗೆ ಸರಿಸಿದಾಗ ನಡುವಿನ ಕೆಂಪು ತೆರೆದುಕೊಳ್ಳುತ್ತದೆ. ಇನ್ನು ಅದೇ ಒಡವೆಯ ಮುತ್ತಿಗೆ ಈ ದೀಪ ಕಟು. ಮುತ್ತಿನ ಸೊಬಗು ಪದರಪದರವಾದ ಅದರ ಮೈಯಲ್ಲಿದೆ. ಬಿರುಸು ಬೆಳಕಿನಲ್ಲಿ ಪದರ ಕಾಣದೆ ಸುಟ್ಟ ಚುಕ್ಕೆಯಷ್ಟೇ ಉಳಿಯುತ್ತದೆ. ಒಂದೇ ಪದಕದಲ್ಲಿ ಚಿನ್ನ, ಕೆಂಪು, ಮುತ್ತು ಮೂರೂ ಇರುವಾಗ ಮೂರಕ್ಕೂ ಬೇರೆ ಬೇರೆ ಬೆಳಕಿನಲ್ಲಿ ಫೋಟೊ ತೆಗೆದು ಒಂದಾಗಿಸುವವರಿದ್ದಾರೆ. ಕೊಡಗಿನದೇ ಆದ ಜೋಮಾಲೆ ಸರದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅದರ ಚಿನ್ನದ ಗುಂಡುಗಳೊಳಗೆ ಅರಗು ತುಂಬಿರುತ್ತದೆ, ಹಳೆಯ ಹ್ಯಾಲೊಜೆನ್ ದೀಪದ ಬಿಸಿಯನ್ನು ಹತ್ತಿರಕ್ಕೆ ತರಬಾರದು.

ಒಡವೆಯ ಸುತ್ತ ಏನಿಡಬೇಕು ಎಂಬುದು ಈ ಕಸುಬಿನ ಇನ್ನೊಂದು ಅರ್ಧ. ಈಚಿನ ವರ್ಷಗಳಲ್ಲಿ ಎಲ್ಲಿ ನೋಡಿದರೂ ಅಮೃತಶಿಲೆಯ ಹಲಗೆ, ಒಣಗಿದ ಯಾವುದೋ ವಿದೇಶಿ ಹುಲ್ಲು. ಬೋರಮಾಳಕ್ಕೂ ಅದೇ, ಅವಲಕ್ಕಿ ಸರಕ್ಕೂ ಅದೇ. ಚಿತ್ರ ನೋಡಲು ಅಚ್ಚುಕಟ್ಟಾಗಿರುತ್ತದೆ, ಒಡವೆ ಯಾವ ಊರಿನದೆಂದು ಮಾತ್ರ ಗೊತ್ತಾಗುವುದಿಲ್ಲ. ಉತ್ತರ ಕರ್ನಾಟಕದ ಬೋರಮಾಳವನ್ನು ಇಳಕಲ್ ಸೀರೆಯ ಮೇಲಿಟ್ಟರೆ ನೋಡಿದವರ ಮನಸ್ಸಿಗೆ ಅದು ಕೂಡಲೇ ತನ್ನ ಮನೆ ಸೇರುತ್ತದೆ. ಕರಾವಳಿಯ ಕರಿಮಣಿಗೆ ಕೆಂಪು ಮುರಕಲ್ಲಿನ ಒರಟು ಮೈ ಹೇಳಿ ಮಾಡಿಸಿದ್ದು: ಕಲ್ಲಿಗೆ ಹೊಳಪಿಲ್ಲ, ಸರಕ್ಕೆ ಇದೆ. ಮೈಸೂರು ರೇಷ್ಮೆ ಸುಂದರವಾದರೂ ಜೋಪಾನ. ಜರಿಯ ಅಂಚು ಚೌಕಟ್ಟಿನೊಳಗೆ ಬಂದರೆ ಚಿನ್ನದ ಜೊತೆ ಪೈಪೋಟಿಗೆ ನಿಲ್ಲುತ್ತದೆ, ಆದ್ದರಿಂದ ಜರಿಯನ್ನು ಹೊರಗಿಟ್ಟು ಒಡಲನ್ನಷ್ಟೇ ಹಾಸಬೇಕು. ಮಲ್ಲಿಗೆ ಮೊಗ್ಗು ಒಳ್ಳೆಯ ಸಂಗಾತಿ. ಬಿಳುಪು, ಹೊಳೆಯದ ಮೈ, ಮೇಲಾಗಿ ಅದರ ಗಾತ್ರ ಎಲ್ಲ ಕನ್ನಡಿಗರಿಗೂ ಗೊತ್ತಿರುವುದರಿಂದ ಪಕ್ಕದ ಓಲೆಯ ಅಳತೆಯೂ ತಾನಾಗಿ ತಿಳಿಯುತ್ತದೆ. ದೀಪದ ಬಿಸಿಗೆ ಬೇಗ ಬಾಡುವುದೊಂದೇ ತೊಂದರೆ, ಹೂವನ್ನು ಕೊನೆಯಲ್ಲಿ ಇಡುತ್ತಾರೆ. ಸರವನ್ನು ಹಾಸುವುದರಲ್ಲೂ ಹದವಿದೆ. ಮೇಜಿನ ಮೇಲೆ ಸುಮ್ಮನೆ ಬಿಟ್ಟ ಸರ ಸೊಟ್ಟಗೆ ಬೀಳುತ್ತದೆ. ಕೊರಳಿನ ಬಾಗಿಗೆ ತಕ್ಕಂತೆ ದಪ್ಪ ಕಾಗದ ಕತ್ತರಿಸಿ, ಅದರಂಚಿಗೆ ಒತ್ತಿ ಹಾಸಿ, ಪದಕದ ಮುಖ ನೇರ ಮಾಡಿ, ಮಗುಚಿದ ಕೊಂಡಿಗಳನ್ನು ಒಂದೊಂದಾಗಿ ತಿರುಗಿಸಿ, ಕಾಗದವನ್ನು ಮೆಲ್ಲಗೆ ಎಳೆದುಕೊಳ್ಳುತ್ತಾರೆ.

ಒಡವೆಯನ್ನು ತೊಟ್ಟು ತೋರಿಸುವ ಫೋಟೊ ಒಂದಾದರೂ ಇರಲೇಬೇಕು. ಮೂಗುತಿಯ ಚಿತ್ರ ಮೊಬೈಲಿನ ಪರದೆ ತುಂಬ ಬಂದಾಗ ಅದು ಅಂಗೈಯಷ್ಟಿರುತ್ತದೆ. ಕೊಂಡವರು ಡಬ್ಬಿ ಬಿಚ್ಚಿದರೆ ಎಳ್ಳಿನಷ್ಟು. ಗ್ರಾಂ, ಮಿಲಿಮೀಟರ್ ಬರೆದಿದ್ದರೂ ಮಿಲಿಮೀಟರನ್ನು ಮನಸ್ಸಿನಲ್ಲಿ ಅಳೆಯುವವರು ಕಡಿಮೆ. ಒಂದು ಕಿವಿ, ಒಂದು ಮಣಿಕಟ್ಟು ಆ ಕೆಲಸವನ್ನು ನೋಟದಲ್ಲೇ ಮಾಡಿಬಿಡುತ್ತದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಒಡವೆಯ ಜಾಹೀರಾತುಗಳಲ್ಲಿ ಕಾಣುವ ಮೈಬಣ್ಣ ನಮ್ಮ ಬಸ್ಸುಗಳಲ್ಲಿ, ಸಂತೆಗಳಲ್ಲಿ ಕಾಣುವ ಮೈಬಣ್ಣಕ್ಕೆ ಹೊಂದುವುದಿಲ್ಲ. ಬೆಳಕಿನ ಲೆಕ್ಕದಲ್ಲಿ ನೋಡಿದರೆ ಕಪ್ಪು ಮೈಮೇಲೆ ಹಳದಿ ಚಿನ್ನಕ್ಕೆ ಸಿಗುವ ಎದ್ದುಕಾಣುವ ಗುಣ ಬಿಳಿ ಮೈಮೇಲೆ ಸಿಗದು. ಕಂದು ಬಣ್ಣದ ಪಕ್ಕದಲ್ಲೇ ಚಿನ್ನ ಚಿನ್ನವಾಗುತ್ತದೆಂದು ತೈಲವರ್ಣದವರು ನೂರಾರು ವರ್ಷಗಳಿಂದ ತೋರಿಸುತ್ತ ಬಂದಿದ್ದಾರೆ. ಆದರೂ ರೂಪದರ್ಶಿಯ ಮೈಬಣ್ಣವನ್ನು ಕಂಪ್ಯೂಟರಿನಲ್ಲಿ ತಿಳಿ ಮಾಡಿ, ಅದರ ಜೊತೆಗೆ ಚಿನ್ನವನ್ನೂ ಪೇಲವ ಮಾಡುವವರು ಇದ್ದಾರೆ. ಇದು ಬಿಡಬೇಕಾದ ಚಾಳಿ.

ಜಾಲಮಳಿಗೆಗಳಲ್ಲಿ ಮಾರುವವರಿಗೆ ನಿಯಮಗಳೂ ಇವೆ. ಅಮೆಜಾನ್‌ನಲ್ಲಿ ಮೊದಲ ಚಿತ್ರದ ಹಿನ್ನೆಲೆ ಅಪ್ಪಟ ಬಿಳುಪಾಗಿರಬೇಕು, ಅಂದರೆ ಕೆಂಪು, ಹಸಿರು, ನೀಲಿ ಮೂರೂ 255. ವಸ್ತು ಚೌಕಟ್ಟಿನ ಶೇಕಡಾ 85ರಷ್ಟಾದರೂ ತುಂಬಿರಬೇಕು. ಬಿಳಿ ಹಾಳೆಯ ಮೇಲೆ ಇಟ್ಟ ಮಾತ್ರಕ್ಕೆ ಬಿಳುಪು ಬರುವುದಿಲ್ಲ, ಹಾಳೆಗೆ ಒಡವೆಗಿಂತ ಹೆಚ್ಚು ಬೆಳಕು ಬೀಳಬೇಕು. ಹಾಗೆಂದು ಬೆಳಕು ಅತಿಯಾದರೆ ಒಡವೆಯ ಅಂಚು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಬೆಳ್ಳಿಯ ಕಾಲುಂಗುರ, ರೋಡಿಯಂ ಮೆರುಗಿನ ಬಿಳಿ ಚಿನ್ನ ಇವುಗಳಿಗಂತೂ ಕಪ್ಪು ಪಟ್ಟಿಯ ಗೆರೆಯೇ ಕಾವಲು.

ಫೋಟೊ ತೆಗೆದಾದ ಮೇಲೆ ಕಂಪ್ಯೂಟರಿನ ಮುಂದೆ ನಡೆಯುವ ಕೆಲಸದಲ್ಲಿ ಗೆರೆ ಎಲ್ಲಿ ಎಳೆಯಬೇಕು? ಧೂಳು, ಎಳೆ, ಮೇಣ ಅಳಿಸುವುದನ್ನು ಯಾರೂ ಆಕ್ಷೇಪಿಸಲಾರರು. ಅವು ಒಡವೆಯ ಭಾಗವೇ ಅಲ್ಲ. ಪಚ್ಚೆಯೊಳಗಿನ ಎಳೆಗಳನ್ನು ಅಳಿಸುವುದು ಬೇರೆ ಮಾತು. ಆ ಎಳೆಗಳು ಕಲ್ಲಿನ ಹುಟ್ಟುಗುರುತು, ಕಲ್ಲಿನ ಬೆಲೆಯೂ ಅವನ್ನು ಅವಲಂಬಿಸಿದೆ. 18 ಕ್ಯಾರೆಟ್ಟಿನ ಚಿನ್ನದಲ್ಲಿ ಶುದ್ಧ ಬಂಗಾರ ಶೇಕಡಾ 75 ಮಾತ್ರ, ಅದರ ಹಳದಿಯೂ ಸಾಮಾನ್ಯವಾಗಿ ತೆಳು; ಅದನ್ನು 22ರ ಬಣ್ಣಕ್ಕೆ ಏರಿಸಿ ತೋರಿಸಿದರೆ ಅದು ಸುಳ್ಳು. ಈಗ ಜಾಲದಲ್ಲಿ ಕಾಣುವ ಎಷ್ಟೋ ಉಂಗುರಗಳು ಫೋಟೊಗಳೇ ಅಲ್ಲ. ಒಡವೆ ಮಾಡುವ ಮೊದಲು ಕಂಪ್ಯೂಟರಿನಲ್ಲಿ ಬಿಡಿಸಿದ ವಿನ್ಯಾಸಕ್ಕೆ ಕಂಪ್ಯೂಟರೇ ಬೆಳಕು ಹಾಕಿ ತಯಾರಿಸಿದ ಚಿತ್ರಗಳು. ಅದರಲ್ಲಿ ತಪ್ಪಿಲ್ಲ, ಹಾಗೆಂದು ಬರೆದಿದ್ದರೆ. 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳ ಪ್ರಕಾರ ಮಾರುವವರ ಜಾಹೀರಾತು ವಸ್ತುವಿನ ನಿಜವಾದ ಗುಣಕ್ಕೆ ಹೊಂದಬೇಕು; ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಅವಕಾಶವಿದೆ. ಕಾನೂನು ಹಾಗಿರಲಿ, ಡಬ್ಬಿ ಬಿಚ್ಚಿದ ಮನೆಯವರು ಒಡವೆಯನ್ನು ಫೋಟೊದ ಪಕ್ಕ ಹಿಡಿದು ನೋಡುತ್ತಾರೆ. ಆಗ ಎರಡೂ ಒಂದೇ ಎನಿಸಬೇಕು. ಫೋಟೊವನ್ನು ಒಡವೆಗಿಂತ ಚೆಂದ ಮಾಡಿದ ಛಾಯಾಗ್ರಾಹಕರು ಅಕ್ಕಸಾಲಿಗರಿಗೆ ಉಪಕಾರ ಮಾಡಿದಂತಲ್ಲ.

ಬೆಂಗಳೂರಿನ ನಗರ್ತಪೇಟೆಯ ಓಣಿಯಲ್ಲೋ ತಾಲ್ಲೂಕಿನ ಪೇಟೆಬೀದಿಯಲ್ಲೋ ಕೂತು ಕೆಲಸ ಮಾಡುವವರಿಗೆ ಸ್ಟುಡಿಯೊ ಎಲ್ಲಿಂದ ಬರಬೇಕು ಎಂದು ಕೇಳಬಹುದು. ದೊಡ್ಡ ಮಳಿಗೆಗಳು ಫೋಟೊಕ್ಕೆಂದೇ ಜನ ಇಟ್ಟುಕೊಂಡಿರುವಾಗ, ಕೈಗೆಲಸದಲ್ಲಿ ಅವರಿಗಿಂತ ಒಂದು ಕೈ ಮೇಲಿರುವ ಆಚಾರ್ರು ಕೆಟ್ಟ ಫೋಟೊದಿಂದ ಗಿರಾಕಿ ಕಳೆದುಕೊಳ್ಳುವುದು ಸಂಕಟದ ಸಂಗತಿ. ಬೇಕಾದದ್ದು ಬಹಳವೇನಿಲ್ಲ. ನೇರ ಬಿಸಿಲು ಬೀಳದ ಒಂದು ಕಿಟಕಿ, ಅದಕ್ಕೆ ಅಂಟಿಸಿದ ಬಟರ್ ಪೇಪರು. ಕಿಟಕಿಯ ಎದುರು ಬದಿಗೆ ಒಂದು ಬಿಳಿ ಥರ್ಮಕೋಲ್ ಹಲಗೆ. ಕಪ್ಪು ಡ್ರಾಯಿಂಗ್ ಶೀಟಿನ ಎರಡು ಪಟ್ಟಿ. ಅಂಗಡಿಯ ದೀಪವೆಲ್ಲ ಆರಿಸಬೇಕು. ಮೊಬೈಲನ್ನು ಒಡವೆಯ ಮೂಗಿಗೆ ತಾಗಿಸದೆ ಒಂದು ಮೊಳ ದೂರವಿಟ್ಟು, ಎರಡು ಪಟ್ಟು ಅಥವಾ ಮೂರು ಪಟ್ಟು ಹತ್ತಿರ ತೋರಿಸುವ ಲೆನ್ಸನ್ನು ಆರಿಸಿಕೊಳ್ಳಬೇಕು. ತೀರಾ ಹತ್ತಿರ ಹೋದರೆ ಮೊಬೈಲಿನ ನೆರಳೇ ಒಡವೆಯ ಮೇಲೆ ಬೀಳುತ್ತದೆ, ಅಗಲ ಲೆನ್ಸಿನಲ್ಲಿ ಉಂಗುರ ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ. ಪರದೆಯಲ್ಲಿ ಚಿನ್ನದ ಅತಿ ಹೊಳೆಯುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು, ಬೆಳಕನ್ನು ಸ್ವಲ್ಪ ತಗ್ಗಿಸಿದರೆ ಕೆತ್ತನೆಯ ಗೆರೆ ಉಳಿಯುತ್ತದೆ. ಮೊಬೈಲನ್ನು ಕೈಯಲ್ಲಿ ಹಿಡಿಯುವ ಬದಲು ಯಾವುದಕ್ಕಾದರೂ ಒರಗಿಸಿ, ಮೂರು ಸೆಕೆಂಡಿನ ಟೈಮರ್ ಇಡುವುದು ಲೇಸು.

ಮತ್ತೆ, ಮುಂಬದಿಯ ಚಿತ್ರವೊಂದನ್ನೇ ಕಳಿಸಿ ಸುಮ್ಮನಾಗಬಾರದು. ವಜ್ರ, ಕೆಂಪು ಇದ್ದರೆ ಕಿಟಕಿಯ ಬಳಿ ಒಡವೆಯನ್ನು ಮೆಲ್ಲಗೆ ಆಡಿಸುವ ಹತ್ತು ಸೆಕೆಂಡಿನ ವಿಡಿಯೊ ಬೇಕು, ಹರಳಿನ ಮಿನುಗು ನಿಂತ ಚಿತ್ರದಲ್ಲಿ ಅರ್ಧವೂ ಸಿಗುವುದಿಲ್ಲ. ಹಿಂಬದಿಯ ಫೋಟೊವೂ ಬೇಕು. ಓಲೆಗೆ ಇರುವುದು ತಿರುಪೋ ಕೊಂಡಿಯೋ, ಸರದ ಕೊಕ್ಕೆ ಎಷ್ಟು ಗಟ್ಟಿ, ಬೆಸುಗೆ ಎಷ್ಟು ನಯ, ಇವನ್ನೆಲ್ಲ ಕೊಳ್ಳುವವರು ಅಂಗಡಿಯಲ್ಲಾದರೆ ಮಗುಚಿ ನೋಡೇ ನೋಡುತ್ತಾರೆ. ಹಾಲ್‌ಮಾರ್ಕ್ ಇರುವುದೂ ಸಾಮಾನ್ಯವಾಗಿ ಅಲ್ಲೇ: ಬಿಐಎಸ್ ಮುದ್ರೆ, 22ಕೆ916 ಎಂಬ ಶುದ್ಧತೆ, ಆರು ಅಕ್ಷರ ಅಂಕಿಗಳ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಚಿನ್ನವನ್ನು ಈ ಎಚ್‌ಯುಐಡಿ ಗುರುತಿಲ್ಲದೆ ಅಂಗಡಿಗಳು ಮಾರುವಂತಿಲ್ಲ. ಲೇಸರಿನಲ್ಲಿ ಕೊರೆದ ಆ ಅಕ್ಷರಗಳು ಎದುರು ಬೆಳಕಿನಲ್ಲಿ ಕಾಣುವುದಿಲ್ಲ. ಟಾರ್ಚನ್ನು ಪಕ್ಕದಿಂದ ನೆಲಮಟ್ಟಕ್ಕೆ ಓರೆಯಾಗಿ ಹಿಡಿದರೆ ಪ್ರತಿ ಗೀರಿಗೂ ನೆರಳು ಮೂಡಿ ಓದಲು ಬರುತ್ತದೆ. ಅದನ್ನು ಹಾಗೆ ಫೋಟೊ ತೆಗೆದು ಕಳಿಸಿದರೆ, ಎಷ್ಟೇ ದೂರದ ಊರಿನಲ್ಲಿದ್ದವರೂ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಗುರುತನ್ನು ಒತ್ತಿ, ಒಡವೆಯ ಶುದ್ಧತೆಯನ್ನು ತಾವೇ ತಾಳೆ ನೋಡಬಹುದು.